ಬೆಳ್ಳಿಯ ಓಲೆಯಲ್ಲಿ ಕಾಮನಬಿಲ್ಲು

ಕಲ್ಲಿನೊಳಗೆ ನೀರಿರುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಓಪಲ್ ಎಂಬ ರತ್ನದ ಮಟ್ಟಿಗೆ ಇದು ನಿಜ. ಆಭರಣಕ್ಕೆ ಬಳಸುವ ಓಪಲ್‌ನ ತೂಕದಲ್ಲಿ ಸಾಮಾನ್ಯವಾಗಿ ಶೇ 3ರಿಂದ 10ರಷ್ಟು ಪಾಲು ನೀರಿನದು. ಉಳಿದದ್ದು ಸಿಲಿಕಾ, ಅಂದರೆ ನದಿ ದಂಡೆಯ ಮರಳಿನಲ್ಲಿ ಇರುವ ವಸ್ತುವೇ. ಮರಳು ಮತ್ತು ನೀರು ಕೂಡಿ ಆದ ಈ ಕಲ್ಲು ಎರಡು ಸಾವಿರ ವರ್ಷಗಳಿಂದ ಮನುಷ್ಯನನ್ನು ಮರುಳು ಮಾಡುತ್ತ ಬಂದಿದೆ.

ಬೆಳ್ಳಿ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ, ಕರಕುಶಲ ಮೇಳಗಳ ಮಳಿಗೆಗಳಲ್ಲಿ ಹಾಲು ಬಿಳುಪಿನ ಹರಳು ಕೂರಿಸಿದ ಓಲೆ, ಲೋಲಾಕುಗಳು ಕಾಣಸಿಗುತ್ತವೆ. ಮೊದಲ ನೋಟಕ್ಕೆ ಅವು ಸಪ್ಪೆ. ಕೈಗೆತ್ತಿಕೊಂಡು ತುಸು ಓರೆ ಮಾಡಿದರೆ ಸಾಕು, ಬಿಳುಪಿನ ಒಳಗಿಂದ ಹಸಿರು, ನೀಲಿ, ಕಿತ್ತಳೆಯ ಕಿಡಿಗಳು ಹೊಮ್ಮುತ್ತವೆ. ಚಿನ್ನದ ಬೆಲೆ ಕೈಗೆಟುಕದ ಹೊತ್ತಿನಲ್ಲಿ ಬೆಳ್ಳಿಯ ಇಂಥ ಒಡವೆಗಳತ್ತ ಕಣ್ಣು ಹರಿಯುವುದು ಸಹಜ. ಆದರೆ ಕೊಳ್ಳಲು ಹೋದವರನ್ನು ಎರಡು ಅಳುಕುಗಳು ಕಾಡುತ್ತವೆ. ಈ ಕಲ್ಲು ಅಪಶಕುನದ್ದಂತೆ, ನಿಜವೇ ಎಂಬುದು ಒಂದು. ಇದು ಅಸಲಿಯೋ, ಬರೀ ಗಾಜೋ ಎಂಬುದು ಇನ್ನೊಂದು. ವಿಚಿತ್ರವೆಂದರೆ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಅದು ಕಲ್ಲಿನ ಹುಟ್ಟುಗುಣದಲ್ಲಿ.

ಬಣ್ಣವಿಲ್ಲದ ಬಣ್ಣ

ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಅವುಗಳಲ್ಲಿ ಬೆರೆತ ಲೋಹದ ಅಂಶ ಕಾರಣ. ಓಪಲ್‌ನ ಕಿಡಿಗಳಿಗೆ ಅಂಥ ಯಾವ ಬಣ್ಣದ ವಸ್ತುವೂ ಕಾರಣವಲ್ಲ. ಹಾಗಾದರೆ ಇಷ್ಟು ಬಣ್ಣ ಎಲ್ಲಿಂದ ಬಂತು?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಸರ್ ಸಿ.ವಿ. ರಾಮನ್ ಒಬ್ಬರು. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಾಮನ್, 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಮೇಲೆ ರತ್ನಗಳು, ಚಿಪ್ಪುಗಳು, ಚಿಟ್ಟೆಗಳ ಬಣ್ಣದ ಗುಟ್ಟು ಹುಡುಕುವುದರಲ್ಲಿ ಮುಳುಗಿದರು. 1953ರಲ್ಲಿ ಅವರು ಮತ್ತು ಎ. ಜಯರಾಮನ್ ಓಪಲ್‌ನ ರಚನೆ ಹಾಗೂ ಬಣ್ಣದ ಮೂಲವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಕಲ್ಲಿನೊಳಗೆ ಕ್ರಮಬದ್ಧವಾಗಿ ಜೋಡಣೆಗೊಂಡ ಅತಿ ತೆಳು ಪದರಗಳಿವೆ, ಬೆಳಕು ಅವುಗಳಿಂದ ಮರಳುವಾಗ ಬಣ್ಣಗಳು ಹುಟ್ಟುತ್ತವೆ ಎಂಬುದು ಅವರ ವಾದದ ತಿರುಳು.

ಆ ಜೋಡಣೆ ಹೇಗಿದೆ ಎಂಬುದನ್ನು ಕಣ್ಣಾರೆ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಯಿತು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಜೆ.ವಿ. ಸ್ಯಾಂಡರ್ಸ್ ಅದರ ಮೂಲಕ ನೋಡಿದಾಗ ಕಂಡದ್ದು ಪದರಗಳಲ್ಲ, ಗೋಲಿಗಳು. ಹಣ್ಣಿನಂಗಡಿಯಲ್ಲಿ ಕಿತ್ತಳೆ ಹಣ್ಣುಗಳನ್ನು ಸಾಲು ಸಾಲಾಗಿ ಪೇರಿಸಿಟ್ಟಂತೆ ಸಿಲಿಕಾದ ಸೂಕ್ಷ್ಮ ಗೋಲಿಗಳು ಶಿಸ್ತಾಗಿ ಕೂತಿದ್ದವು. ಒಂದೊಂದು ಗೋಲಿಯ ಅಡ್ಡಳತೆ ಸುಮಾರು 150ರಿಂದ 300 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಇನ್ನೂರು, ಮುನ್ನೂರು ಗೋಲಿಗಳನ್ನು ಸಾಲಾಗಿ ಇಡಬಹುದು. ಬಣ್ಣ ಹುಟ್ಟುವುದು ವಸ್ತುವಿನಿಂದಲ್ಲ, ಶಿಸ್ತಾದ ಜೋಡಣೆಯಿಂದ ಎಂಬ ಮಾತು ಇದರಿಂದ ಗಟ್ಟಿಯಾಯಿತು.

ಗೋಲಿಗಳು ಚಿಕ್ಕದಾಗಿದ್ದರೆ ಕಲ್ಲು ನೀಲಿಯನ್ನಷ್ಟೇ ಚೆಲ್ಲುತ್ತದೆ. ದೊಡ್ಡದಾದಂತೆ ಹಸಿರು, ಕೊನೆಗೆ ಕೆಂಪು. ದೊಡ್ಡ ಗೋಲಿಗಳು ಒಂದೇ ಗಾತ್ರದಲ್ಲಿ ಕಲೆತು ಕೂರುವುದು ಅಪರೂಪವಾದ್ದರಿಂದ ಕೆಂಪು ಕಿಡಿಯ ಓಪಲ್‌ಗೆ ಬೆಲೆ ಹೆಚ್ಚು. ಗೋಲಿಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಬಣ್ಣವೇ ಇಲ್ಲ. ಅದು ಬರಿಯ ಬಿಳಿ ಅಥವಾ ಬೂದು ಕಲ್ಲು. ನೆಲದಿಂದ ಬರುವ ಓಪಲ್‌ನಲ್ಲಿ ಬಹುಪಾಲು ಇಂಥದೇ. ನವಿಲುಗರಿಯ ಬಣ್ಣವೂ ಹೀಗೆಯೇ ರಚನೆಯಿಂದ ಹುಟ್ಟುವಂಥದು ಎಂಬುದನ್ನು ಇಲ್ಲಿ ನೆನೆಯಬಹುದು.

ಉಪಲದಿಂದ ಓಪಲ್

ಓಪಲ್ ಎಂಬ ಹೆಸರು ಲ್ಯಾಟಿನ್ ಭಾಷೆಯ ‘ಓಪಲಸ್’ನಿಂದ ಬಂದದ್ದು. ಅದರ ಮೂಲ ಸಂಸ್ಕೃತದ ‘ಉಪಲ’ ಇರಬೇಕೆಂಬುದು ಹಲವು ಭಾಷಾತಜ್ಞರ ಅಭಿಪ್ರಾಯ. ಉಪಲ ಎಂದರೆ ಕಲ್ಲು, ರತ್ನ ಎಂದರ್ಥ. ಹೆಸರು ಇಲ್ಲಿಂದ ಹೋಗಿರಬಹುದಾದರೂ ನಮ್ಮ ನವರತ್ನಗಳ ಪಟ್ಟಿಯಲ್ಲಿ ಓಪಲ್‌ಗೆ ಜಾಗವಿಲ್ಲ.

ಕ್ರಿಸ್ತಶಕ ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಈ ರತ್ನವನ್ನು ಮನಸಾರೆ ಹೊಗಳಿದ್ದಾನೆ. ಬೇರೆ ಬೇರೆ ರತ್ನಗಳ ಬಣ್ಣಗಳೆಲ್ಲ ಇದೊಂದರಲ್ಲೇ ಕೂಡಿವೆ ಎಂಬುದು ಅವನ ಬೆರಗು. ನೋನಿಯಸ್ ಎಂಬ ಸೆನೆಟರನ ಕಥೆಯನ್ನೂ ಅವನೇ ಹೇಳುತ್ತಾನೆ. ನೋನಿಯಸನ ಬಳಿ ಇಪ್ಪತ್ತು ಲಕ್ಷ ರೋಮನ್ ನಾಣ್ಯ ಬೆಲೆಯ ಓಪಲ್ ಉಂಗುರವಿತ್ತಂತೆ. ಅದಕ್ಕೆ ಆಸೆಪಟ್ಟ ಮಾರ್ಕ್ ಆಂಟನಿ ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿದ. ನೋನಿಯಸ್ ಊರು ಬಿಟ್ಟನೇ ಹೊರತು ಉಂಗುರ ಬಿಡಲಿಲ್ಲ. ಉಳಿದ ಆಸ್ತಿಯನ್ನೆಲ್ಲ ತೊರೆದು ಅದೊಂದನ್ನು ಹಿಡಿದು ಓಡಿದ.

ಇವತ್ತಿನ ಗ್ರಾಹಕರಿಗೆ ಉಪಯುಕ್ತವಾದ ಇನ್ನೊಂದು ಮಾತೂ ಪ್ಲಿನಿಯಲ್ಲಿದೆ. ಗಾಜಿನಲ್ಲಿ ಓಪಲ್‌ನಷ್ಟು ಚೆನ್ನಾಗಿ ನಕಲು ಮಾಡುವ ರತ್ನ ಬೇರೊಂದಿಲ್ಲ, ಆ ಕೈಚಳಕ ಭಾರತೀಯರದು ಎಂದು ಅವನು ದೂರುತ್ತಾನೆ. ಬಿಸಿಲಿಗೆ ಹಿಡಿದರೆ ನಕಲಿಯ ಬಣ್ಣ ಬಯಲಾಗುತ್ತದೆಂಬ ಉಪಾಯವನ್ನೂ ಕೊಡುತ್ತಾನೆ. ಓಪಲ್ ಹುಟ್ಟುವುದು ಭಾರತದಲ್ಲಿ ಮಾತ್ರ ಎಂದೂ ಅವನು ನಂಬಿದ್ದ. ಅದು ಸರಿಯಲ್ಲ. ಯುರೋಪಿನ ಓಪಲ್‌ಗೆ ಬಹುಕಾಲ ಆಧಾರವಾಗಿದ್ದದ್ದು ಹಿಂದೆ ಹಂಗೇರಿಗೆ ಸೇರಿದ್ದ, ಇಂದಿನ ಸ್ಲೊವಾಕಿಯಾದ ದುಬ್ನಿಕ್ ಗಣಿಗಳು.

ಅಪಶಕುನದ ಹೊರೆ

ಇಷ್ಟೊಂದು ಮೆಚ್ಚುಗೆ ಪಡೆದ ಕಲ್ಲಿಗೆ ಕೆಟ್ಟ ಹೆಸರು ಬಂದದ್ದು ಹೇಗೆ? ಸಾಮಾನ್ಯವಾಗಿ ಬೊಟ್ಟು ಮಾಡುವುದು ಒಂದು ಕಾದಂಬರಿಯತ್ತ. ಸರ್ ವಾಲ್ಟರ್ ಸ್ಕಾಟ್ 1829ರಲ್ಲಿ ಪ್ರಕಟಿಸಿದ ‘ಆನ್ ಆಫ್ ಗೀರ್‌ಸ್ಟೀನ್’ನಲ್ಲಿ ಒಬ್ಬ ನಿಗೂಢ ಹೆಂಗಸು ಬರುತ್ತಾಳೆ. ಅವಳ ಮುಡಿಯಲ್ಲಿರುವ ಓಪಲ್ ಅವಳ ಮನಸ್ಥಿತಿಗೆ ತಕ್ಕಂತೆ ಹೊಳೆಯುತ್ತದೆ. ಅದರ ಮೇಲೆ ಪವಿತ್ರ ಜಲದ ಹನಿ ಬಿದ್ದಾಗ ಕಲ್ಲು ಕಳೆಗುಂದುತ್ತದೆ, ಅವಳೂ ಉಳಿಯುವುದಿಲ್ಲ. ಈ ಕಾದಂಬರಿಯ ನಂತರ ಯುರೋಪಿನಲ್ಲಿ ಓಪಲ್ ಕೊಳ್ಳುವವರು ಕಡಿಮೆಯಾದರೆಂದು ಹೇಳುವುದುಂಟು.

ಆದರೆ ಕಥೆಯೊಂದೇ ಇಷ್ಟು ಹೆದರಿಸಲಾರದು. ಕಥೆಗೆ ಪುಷ್ಟಿ ಕೊಟ್ಟದ್ದು ಆಭರಣ ತಯಾರಕರ ಅನುಭವ. ಮೋಸ್ ಮಾಪಕದಲ್ಲಿ ವಜ್ರದ ಗಡಸುತನ 10, ಮಾಣಿಕ್ಯದ್ದು 9. ಓಪಲ್‌ನದು ಸುಮಾರು ಐದೂವರೆಯಿಂದ ಆರೂವರೆ ಮಾತ್ರ. ಮನೆಯ ದೂಳಿನಲ್ಲಿರುವ ಬೆಣಚಿನ ಕಣದ ಗಡಸುತನ 7. ಅಂದರೆ ದೂಳು ಕೂತ ಒರಟು ಬಟ್ಟೆಯೇ ಇದರ ಮೇಲೆ ಗೀರು ಎಳೆಯಬಲ್ಲದು. ಜೊತೆಗೆ ಒಳಗಿನ ನೀರು. ಬೆಂಕಿಯ ಕಾವು ತಟ್ಟಿದರೆ, ಬಿಸಿಯಿಂದ ತಣ್ಣಗೆ ಒಮ್ಮೆಲೇ ಬದಲಾದರೆ ಕಲ್ಲಿನ ಮೈತುಂಬ ಜೇಡರ ಬಲೆಯಂಥ ಬಿರುಕು. ಹರಳು ಕೂರಿಸುವಾಗಲೋ ರಿಪೇರಿ ಮಾಡುವಾಗಲೋ ದುಬಾರಿ ಕಲ್ಲು ಒಡೆದರೆ ನಷ್ಟ ಆ ಕೆಲಸಗಾರನ ತಲೆಗೆ. ಉಂಗುರ ತೊಟ್ಟವರ ಕೈಯಲ್ಲಿ ಒಡೆದರೆ ಮನೆಗೆ ಕೇಡು ಎಂಬ ಭಯ. ಒಡೆಯುವ ಗುಣವನ್ನು ಒಡೆತನದ ಶಾಪವೆಂದು ಜನ ಓದಿಕೊಂಡರು.

ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಈ ಅಂಜಿಕೆಗೆ ಸೊಪ್ಪು ಹಾಕಲಿಲ್ಲ. ಓಪಲ್ ಆಭರಣಗಳನ್ನು ತಾನೂ ತೊಟ್ಟು ಹೆಣ್ಣುಮಕ್ಕಳಿಗೂ ಉಡುಗೊರೆ ಕೊಟ್ಟಳು. ಇನ್ನು ಇತ್ತೀಚಿನ ದಶಕಗಳಲ್ಲಿ ಭಾರತದ ಜ್ಯೋತಿಷಿಗಳು ಶುಕ್ರ ಗ್ರಹಕ್ಕೆ ವಜ್ರದ ಬದಲು ಕಡಿಮೆ ಬೆಲೆಯ ಓಪಲ್ ಧರಿಸಲು ಹೇಳುತ್ತಿದ್ದಾರೆ. ಅಲ್ಲಿ ಅಪಶಕುನವಾದದ್ದು ಇಲ್ಲಿ ಅದೃಷ್ಟ! ಕಲ್ಲು ಮಾತ್ರ ಎರಡೂ ಕಡೆ ಅದೇ.

ಮರಳುಗಾಡಿನಿಂದ ಜಯಪುರಕ್ಕೆ

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಆಸ್ಟ್ರೇಲಿಯಾದ ಓಪಲ್ ಲಂಡನ್ ಮಾರುಕಟ್ಟೆಗೆ ಬಂದಿಳಿಯಿತು. ಅದರ ಹೊಳಪಿನ ಮುಂದೆ ಹಂಗೇರಿಯ ಕಲ್ಲು ಮಂಕಾಯಿತು. ದುಬ್ನಿಕ್‌ನ ಗಣಿಗಳು 1922ರಲ್ಲಿ ಮುಚ್ಚಿದವು. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ 1915ರಲ್ಲಿ ಓಪಲ್ ಸಿಕ್ಕಿತು. ಮೊದಲು ಕಂಡವನು ಚಿನ್ನ ಹುಡುಕುವ ತಂಡದ ಜೊತೆ ಬಂದಿದ್ದ 14 ವರ್ಷದ ಹುಡುಗ ವಿಲ್ಲಿ ಹಚಿಸನ್. ಬೇಸಿಗೆಯ ಬಿಸಿಲು 45 ಡಿಗ್ರಿ ದಾಟುವ ಆ ಊರಿನಲ್ಲಿ ಇಂದಿಗೂ ಅನೇಕರು ನೆಲದೊಳಗೆ ಕೊರೆದ ಮನೆಗಳಲ್ಲಿ ವಾಸಿಸುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಆ ಮರಳುಗಾಡೆಲ್ಲ ಒಳನಾಡಿನ ಸಮುದ್ರವಾಗಿತ್ತು. ಅದರ ತಳದ ಕಲ್ಲುಗಳ ಬಿರುಕುಗಳಲ್ಲಿ ಸಿಲಿಕಾ ಕರಗಿದ ನೀರು ಇಂಗಿ, ಬಹು ನಿಧಾನವಾಗಿ ಗಟ್ಟಿಯಾಗಿ ಓಪಲ್ ಆಯಿತು. 1993ರಲ್ಲಿ ಆಸ್ಟ್ರೇಲಿಯಾ ಇದನ್ನು ತನ್ನ ರಾಷ್ಟ್ರೀಯ ರತ್ನವೆಂದು ಘೋಷಿಸಿತು.

ಬಹುಕಾಲ ಆಸ್ಟ್ರೇಲಿಯಾದ್ದೇ ಏಕಸ್ವಾಮ್ಯ ಎನ್ನುವಂತಿದ್ದ ಈ ವ್ಯಾಪಾರಕ್ಕೆ 2008ರಲ್ಲಿ ತಿರುವು ಬಂತು. ಇಥಿಯೋಪಿಯಾದ ವೊಲ್ಲೊ ಪ್ರಾಂತ್ಯದ ವೆಗೆಲ್ ತೆನಾ ಎಂಬಲ್ಲಿ ಜ್ವಾಲಾಮುಖಿ ಶಿಲೆಗಳ ನಡುವೆ ದೊಡ್ಡ ನಿಕ್ಷೇಪ ಪತ್ತೆಯಾಯಿತು. ಎತ್ತರದ ಪ್ರಸ್ಥಭೂಮಿಯ ಕಡಿದಾದ ಅಂಚಿನಲ್ಲಿ ಹಳ್ಳಿಗರು ಪಿಕಾಸಿ, ಹಾರೆಗಳಿಂದಲೇ ಸುರಂಗ ಕೊರೆಯುತ್ತಾರೆ. ಗುಡ್ಡ ಕುಸಿಯುವ ಅಪಾಯ ಸದಾ ತಲೆಯ ಮೇಲೆ. ಅಲ್ಲಿಂದ ಹೊರಟ ಕಲ್ಲಿನಲ್ಲಿ ಬಹಳಷ್ಟು ಕತ್ತರಿಸಿ, ಹೊಳಪು ಪಡೆಯಲು ಬರುವುದು ರಾಜಸ್ಥಾನದ ಜಯಪುರಕ್ಕೆ. ರತ್ನ ಕತ್ತರಿಸುವುದರಲ್ಲಿ ತಲೆಮಾರುಗಳ ಅನುಭವವಿರುವ ಈ ನಗರ ಬೆಳ್ಳಿ ಒಡವೆಗಳಿಗೂ ಹೆಸರಾದದ್ದು. ನಮ್ಮ ಅಂಗಡಿಗಳಲ್ಲಿ ಓಪಲ್ ಇಷ್ಟು ಸುಲಭವಾಗಿ ಕಾಣಲು ಮುಖ್ಯ ಕಾರಣ ಇದೇ.

ಇಥಿಯೋಪಿಯಾದ ಕಲ್ಲಿಗೆ ಒಂದು ವಿಶೇಷವುಂಟು. ಅದು ಸ್ಪಂಜಿನಂತೆ ನೀರು ಹೀರುತ್ತದೆ. ನೀರಲ್ಲಿ ಹಾಕಿದರೆ ಕೆಲವು ಹರಳುಗಳು ಗಾಜಿನಂತೆ ಪಾರದರ್ಶಕವಾಗಿ ಬಣ್ಣ ಕಳೆದುಕೊಳ್ಳುತ್ತವೆ. ನೆರಳಲ್ಲಿ ಒಣಗಲು ಬಿಟ್ಟರೆ ಕೆಲವು ದಿನಗಳಲ್ಲಿ ಬಣ್ಣ ಮರಳುತ್ತದೆ. ಆಸ್ಟ್ರೇಲಿಯಾದ ಕಲ್ಲು ಸಾಮಾನ್ಯವಾಗಿ ಹೀಗೆ ನೀರು ಕುಡಿಯುವುದಿಲ್ಲ.

ಕೈಯೇ ಏಕೆ ಬೇಕು?

ಕೈಕೆಲಸದ್ದು ಎಂಬ ಮಾತು ಇಂದು ಜಾಹೀರಾತಿನ ಅಲಂಕಾರವಾಗಿಬಿಟ್ಟಿದೆ. ಓಪಲ್ ವಿಷಯದಲ್ಲಿ ಮಾತ್ರ ಅದು ಅಗತ್ಯದ ಮಾತು. ಯಂತ್ರದಲ್ಲಿ ಸಾವಿರಾರು ಓಲೆಗಳನ್ನು ಎರಕ ಹೊಯ್ಯುವಾಗ ಗಟ್ಟಿಮುಟ್ಟಾದ ಕೃತಕ ಹರಳುಗಳನ್ನು ಅಚ್ಚಿನಲ್ಲೇ ಇಟ್ಟು ಮೇಲೆ ಬೆಳ್ಳಿ ಸುರಿಯುವ ಪದ್ಧತಿಯೂ ಇದೆ. ಓಪಲ್ ಅದನ್ನು ತಾಳದು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಸುಗೆಗೂ ಆರೇಳುನೂರು ಡಿಗ್ರಿ ಶಾಖ ಬೇಕು. ಹೀಗಾಗಿ ಬೆಂಕಿಯ ಕೆಲಸವೆಲ್ಲ ಮುಗಿದು, ಒಡವೆ ತಣ್ಣಗಾದ ಮೇಲಷ್ಟೇ ಕಲ್ಲಿಗೆ ಒಳಗೆ ಪ್ರವೇಶ.

ಕೆಲಸ ಶುರುವಾಗುವುದು ಕಲ್ಲನ್ನು ಓದುವುದರಿಂದ. ಒರಟು ಕಲ್ಲಿನಲ್ಲಿ ಬಣ್ಣದ ಪದರ ಯಾವ ಕಡೆ ಹಾದಿದೆ ಎಂದು ತಿರುಗಿಸಿ ತಿರುಗಿಸಿ ನೋಡಬೇಕು. ಓಲೆಗೆ ಇನ್ನೊಂದು ತೊಡಕು. ಎರಡು ಹರಳು ಜೋಡಿಯಾಗಬೇಕು. ಒಂದು ಓಪಲ್‌ನಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಒಳ್ಳೆಯ ಕುಶಲಕರ್ಮಿ ಸಾಧ್ಯವಾದಲ್ಲಿ ಒಂದೇ ಕಲ್ಲನ್ನು ಸೀಳಿ ಎರಡು ಮಾಡುತ್ತಾನೆ. ತಿರುಗುವ ಚಕ್ರದ ಮೇಲೆ ನೀರು ಬಿಡುತ್ತ, ಕಲ್ಲು ಕಾಯದಂತೆ ಉಜ್ಜಿ ಗುಮ್ಮಟದ ಆಕಾರ ಕೊಡುತ್ತಾನೆ. ವಜ್ರದಂತೆ ಮುಖಗಳನ್ನು ಕೊರೆಯುವುದು ಕಡಿಮೆ. ನುಣುಪಾದ ಉಬ್ಬು ಮೈಯಲ್ಲೇ ಓಪಲ್‌ನ ಬಣ್ಣ ಚೆನ್ನಾಗಿ ಆಡುವುದು.

ಅತ್ತ ಬೆಳ್ಳಿ. ಅಪ್ಪಟ ಬೆಳ್ಳಿ ತೀರ ಮೆದು. ಅದಕ್ಕೇ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಇಟ್ಟು ಉಳಿದದ್ದಕ್ಕೆ ಹೆಚ್ಚಾಗಿ ತಾಮ್ರ ಬೆರೆಸುತ್ತಾರೆ. ಒಡವೆಯ ಮೇಲೆ 925 ಎಂಬ ಗುರುತು ಕಾಣುವುದು ಇದೇ ಕಾರಣಕ್ಕೆ. ಬೆಳ್ಳಿಯನ್ನು ತಗಡಾಗಿ ಬಡಿದು, ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ತೂರಿಸಿ ತಂತಿಯಾಗಿ ಎಳೆದು, ಬಿಳಿಗಾರ ಹಚ್ಚಿ ಬೆಸುಗೆ ಹಾಕಿ ಓಲೆಯ ಮೈ, ಕೊಂಡಿ, ಅಂಚಿನ ಗುಂಡುಗಳನ್ನು ಸಿದ್ಧಪಡಿಸುತ್ತಾರೆ. ಹರಳು ಕೂರುವ ಗೂಡಿನ ಗೋಡೆಗೆ ಮಾತ್ರ ಹಲವರು ಮಿಶ್ರವಿಲ್ಲದ ಬೆಳ್ಳಿಯ ತೆಳು ಪಟ್ಟಿಯನ್ನೇ ಬಳಸುತ್ತಾರೆ. ಅಲ್ಲಿ ಮೆದುತನವೇ ಬೇಕು.

ಕೊನೆಯ ಘಟ್ಟ ಎಲ್ಲಕ್ಕಿಂತ ನಾಜೂಕು. ಗೂಡಿನಲ್ಲಿ ಹರಳಿಟ್ಟು, ಬೆಳ್ಳಿಯ ಅಂಚನ್ನು ಒಂದು ಕಡೆ ಚೂರು ಒತ್ತಿ, ಮತ್ತೆ ಅದರ ಎದುರು ಕಡೆ ಚೂರು ಒತ್ತುತ್ತ ಸುತ್ತ ಬರಬೇಕು. ಒಂದೇ ಕಡೆ ಬಲ ಬಿದ್ದರೆ ಹರಳು ಚಕ್ಕೆ ಏಳುತ್ತದೆ. ಸಹಜ ಹರಳುಗಳ ಅಂಚು ಒಂದೊಂದು ಕಡೆ ಒಂದೊಂದು ದಪ್ಪ. ಎಲ್ಲಿ ಎಷ್ಟು ಒತ್ತಬೇಕೆಂಬುದು ಬೆರಳಿಗಷ್ಟೇ ಗೊತ್ತಾಗುವ ಲೆಕ್ಕ. ಮೆದು ಲೋಹವನ್ನು ತಣ್ಣಗಿರುವಾಗಲೇ ಒತ್ತಿ ಹರಳು ಹಿಡಿಸುವುದು ಜಯಪುರದ ಕುಂದಣ ಕೆಲಸಕ್ಕೆ ಹೊಸತಲ್ಲ; ಅಲ್ಲಿ ಅಪ್ಪಟ ಚಿನ್ನ, ಇಲ್ಲಿ ಬೆಳ್ಳಿ.

ಇಷ್ಟು ನಾಜೂಕಿನ ಕಲ್ಲಿಗೆ ಕಿವಿಗಿಂತ ಒಳ್ಳೆಯ ಜಾಗ ಇಲ್ಲ. ಉಂಗುರವಾದರೆ ಪಾತ್ರೆ, ಬಾಗಿಲು, ಮೇಜಿಗೆ ತಾಗುತ್ತದೆ. ಓಲೆಗೆ ಆ ಕಾಟವಿಲ್ಲ. ಮೇಲಾಗಿ ಓಪಲ್‌ನ ಬಣ್ಣ ಕಾಣಬೇಕಾದರೆ ಬೆಳಕಿನ ಕೋನ ಬದಲಾಗುತ್ತಿರಬೇಕು. ತೊಟ್ಟವರು ತಲೆ ಅಲ್ಲಾಡಿಸಿದಾಗಲೆಲ್ಲ ಲೋಲಾಕು ತೂಗುತ್ತದೆ, ಬಣ್ಣ ಮಿನುಗುತ್ತದೆ.

ಅಸಲಿ ಯಾವುದು?

ಪ್ಲಿನಿಯ ದೂರು ಇಂದಿಗೂ ಹಳತಾಗಿಲ್ಲ. ‘ಓಪಲೈಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ಹಾಲುಗಾಜು. ಕಪ್ಪು ಬಟ್ಟೆಯ ಮೇಲೆ ಅದು ತಿಳಿ ನೀಲಿ, ಬೆಳಕಿಗೆ ಹಿಡಿದರೆ ಕಿತ್ತಳೆ. ಅಷ್ಟೇ. ಒಳಗಿನ ಬಣ್ಣದ ಕಿಡಿಗಳು ಇರುವುದಿಲ್ಲ.

ಎರಡನೆಯದು ಅಂಟಿಸಿದ ಓಪಲ್. ಅಸಲಿ ಕಲ್ಲಿನ ತೆಳು ಹಾಳೆಯನ್ನು ಕಪ್ಪು ಕಲ್ಲಿನ ಮೇಲೆ ಅಂಟಿಸಿದರೆ ‘ಡಬ್ಲೆಟ್’. ಅದರ ಮೇಲೆ ಗಾಜಿನ ಅಥವಾ ಸ್ಫಟಿಕದ ಟೊಪ್ಪಿ ಇಟ್ಟರೆ ‘ಟ್ರಿಪ್ಲೆಟ್’. ಬಿಡಿ ಹರಳನ್ನು ಪಕ್ಕದಿಂದ ನೋಡಿದರೆ ಅಂಟಿನ ನೇರ ಗೆರೆ ಕಾಣುತ್ತದೆ. ಆದರೆ ಹಿಂಬದಿ ಮುಚ್ಚಿದ ಬೆಳ್ಳಿಯ ಗೂಡಿನಲ್ಲಿ ಕೂರಿಸಿಬಿಟ್ಟರೆ ಗೆರೆ ಮರೆಯಾಗುತ್ತದೆ. ಗ್ರಾಹಕರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ.

ಮೂರನೆಯದು ಪ್ರಯೋಗಾಲಯದ ಓಪಲ್. ಗೋಲಿಗಳ ಜೋಡಣೆಯ ಗುಟ್ಟು 1964ರಲ್ಲಿ ಬಯಲಾದ ಹತ್ತು ವರ್ಷಗಳಲ್ಲೇ, 1974ರಲ್ಲಿ ಪಿಯರ್ ಜಿಲ್ಸನ್ ಕೃತಕ ಓಪಲ್ ಅನ್ನು ಮಾರುಕಟ್ಟೆಗೆ ತಂದರು. ಭೂತಗನ್ನಡಿಯಲ್ಲಿ ನೋಡಿದರೆ ಇದರ ಬಣ್ಣದ ತೇಪೆಗಳು ಹಲ್ಲಿಯ ಚರ್ಮದಂತೆ ಅತಿ ಅಚ್ಚುಕಟ್ಟು. ಹತ್ತು ಜೊತೆ ಓಲೆಗಳಲ್ಲಿ ಹರಳುಗಳೆಲ್ಲ ಒಂದೇ ತೆರನಾಗಿದ್ದರೆ ಅನುಮಾನ ಪಡಬೇಕು. ಇವುಗಳಲ್ಲದೆ ಇಥಿಯೋಪಿಯಾದ ಹೀರುವ ಕಲ್ಲಿಗೆ ಬಣ್ಣ ಕುಡಿಸಿ, ಹೊಗೆ ಹಿಡಿಸಿ ಕಪ್ಪು ಓಪಲ್ ಮಾಡುವುದೂ ಉಂಟು.

ಅಂಟಿಸಿದ್ದನ್ನೋ ಕೃತಕವನ್ನೋ ಮಾರುವುದು ತಪ್ಪಲ್ಲ. ಅದನ್ನು ಹೇಳದೆ ಮಾರುವುದು ತಪ್ಪು. ಹರಳು ನೈಸರ್ಗಿಕವೇ, ಇಡಿಯಾದದ್ದೇ, ಯಾವ ದೇಶದ್ದು, ಸಂಸ್ಕರಿಸಿದ್ದೇ ಎಂಬ ನಾಲ್ಕು ಪ್ರಶ್ನೆಗಳ ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ. ಬೆಲೆ ಹೆಚ್ಚಾಗಿದ್ದರೆ ರತ್ನ ಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರ ಕೇಳಬಹುದು. ಬೆಳ್ಳಿಯ ಶುದ್ಧತೆಗೆ ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಇದೆ. ಅದು ಲೋಹಕ್ಕಷ್ಟೇ ಸಾಕ್ಷಿ, ಹರಳಿಗಲ್ಲ ಎಂಬುದು ನೆನಪಿರಲಿ.

ಜೋಪಾನದ ಪಾಠ

ಕೊಂಡ ಮೇಲಿನ ಆರೈಕೆಯಲ್ಲಿ ಬೆಳ್ಳಿಗೂ ಓಪಲ್‌ಗೂ ಜಗಳ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ಕಪ್ಪು ತೆಗೆಯಲು ಓಲೆಯನ್ನು ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೆ ಕಲ್ಲು ಕೆಡಬಹುದು. ಬಿಸಿನೀರು, ಟೂತ್ ಪೇಸ್ಟ್, ಆಭರಣದಂಗಡಿಯ ಅಲ್ಟ್ರಾಸಾನಿಕ್ ಯಂತ್ರ, ಯಾವುದೂ ಬೇಡ. ಮೆತ್ತನೆಯ ಬಟ್ಟೆಯಿಂದ ಬೆಳ್ಳಿಯನ್ನಷ್ಟೇ ಒರೆಸಬೇಕು. ತಲೆಗೆ ಎಣ್ಣೆ, ಮೈಗೆ ಸುಗಂಧ, ಮುಖಕ್ಕೆ ಕ್ರೀಮು ಎಲ್ಲ ಹಚ್ಚಿಕೊಂಡು ಮುಗಿದ ಮೇಲೆ ಕೊನೆಗೆ ಓಲೆ ತೊಡುವುದು ಒಳ್ಳೆಯದು. ಹೀರುವ ಕಲ್ಲು ಎಣ್ಣೆಯನ್ನೂ ಹೀರಿ ಹಳದಿಯಾದೀತು. ಓಪಲ್ ಒಣಗದಂತೆ ಎಣ್ಣೆಯಲ್ಲಿ ಇಡಬೇಕೆಂಬ ಸಲಹೆಯೂ ತಪ್ಪು. ಸ್ನಾನಕ್ಕೆ, ಅಡುಗೆಗೆ ಮುನ್ನ ಬಿಚ್ಚಿ, ಉಳಿದ ಒಡವೆಗಳಿಂದ ಬೇರೆಯಾಗಿ ಬಟ್ಟೆಯ ಚೀಲದಲ್ಲಿ ಇಟ್ಟರೆ ಸಾಕು.

ಬೆಸುಗೆ ಬಿಟ್ಟ ಓಲೆಯನ್ನು ರಿಪೇರಿಗೆ ಕೊಡುವಾಗ ಇದು ಓಪಲ್ ಎಂದು ಅಕ್ಕಸಾಲಿಗರಿಗೆ ಮೊದಲೇ ಹೇಳಿ, ಹರಳು ಬಿಚ್ಚಿದ ಮೇಲೆಯೇ ಬೆಂಕಿ ತೋರಿಸುವಂತೆ ಕೇಳಿಕೊಳ್ಳಬೇಕು. ಎಷ್ಟೋ ಓಪಲ್‌ಗಳ ದುರದೃಷ್ಟ ಆರಂಭವಾಗಿದ್ದು ಈ ಒಂದು ಮಾತು ಹೇಳದೆ ಹೋದದ್ದರಿಂದ.